ಅಸಾಧ್ಯಗಳ ನಕ್ಷೆ ಬರೆದ ಜಿ. ಎನ್. ರಾಮಚಂದ್ರನ್

ಬ್ರಾಂಚ್ ಚೇಂಜ್ ಅಂದ್ರೆ ನಮಗೆ ಸಿಜಿಪಿಎ, ಅರ್ಜಿ, ಡೀನ್ ಆಫೀಸಿನ ಕ್ಯೂ ನೆನಪಾಗುತ್ತೆ. 1942ರಲ್ಲಿ ಒಬ್ಬ ಹುಡುಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದ್ರೆ ನಮ್ಮೂರಿನವರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದೋಕೆ ಬಂದು, ಬೇಗನೆ ಭೌತಶಾಸ್ತ್ರ ವಿಭಾಗಕ್ಕೆ ಬದಲಾಯಿಸಿಕೊಂಡ. ಅಲ್ಲಿ ಅವನಿಗೆ ಗುರುವಾಗಿ ಸಿಕ್ಕವರು ಸರ್ ಸಿ. ವಿ. ರಾಮನ್. ಆ ಹುಡುಗನೇ ಗೋಪಾಲಸಮುದ್ರಂ ನಾರಾಯಣ ರಾಮಚಂದ್ರನ್. ಇವತ್ತು ಆಸ್ಪತ್ರೆಯ ಕ್ಯಾತಿಟರ್‌ಗೆ ಅಂಟಿಕೊಂಡು ರೋಗಿಯ ರಕ್ತಕ್ಕೆ ಇಳಿಯುವ ಶಿಲೀಂಧ್ರದ ವಿರುದ್ಧ ಔಷಧ ಹುಡುಕುವವರು ಕೂಡ ಅವರು ಬರೆದ ಒಂದು ನಕ್ಷೆಯನ್ನು ದಾಟಿಯೇ ಮುಂದೆ ಹೋಗಬೇಕು. ಅದು ಹೇಗೆ ಅಂತ ನೋಡೋಣ.

ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಕೊಚ್ಚಿ ಸಂಸ್ಥಾನದ ಎರ್ನಾಕುಳಂನಲ್ಲಿ. ಅಪ್ಪ ಗಣಿತದ ಮೇಷ್ಟ್ರು, ಹಾಗಾಗಿ ಲೆಕ್ಕ ಮನೆಯಲ್ಲೇ ಇತ್ತು. ಬೆಂಗಳೂರಿನಲ್ಲಿ ರಾಮನ್ ಕೈಕೆಳಗೆ ಎಕ್ಸ್-ರೇ ಮತ್ತು ಹರಳುಗಳ ಕೆಲಸ ಕಲಿತರು. 1947ರಲ್ಲಿ ಕೇಂಬ್ರಿಜ್‌ಗೆ ಹೋಗಿ ಎರಡು ವರ್ಷದಲ್ಲಿ ಇನ್ನೊಂದು ಡಾಕ್ಟರೇಟ್ ಪಡೆದು ವಾಪಸ್ ಬಂದರು. 1952ರಲ್ಲಿ, ಮೂವತ್ತು ತುಂಬುವ ಹೊತ್ತಿಗೆ, ಮದರಾಸು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು.

ಅಲ್ಲಿ ಅವರು ಕೈಗೆತ್ತಿಕೊಂಡದ್ದು ಕೊಲಾಜನ್. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಹಿಡಿದಿಟ್ಟಿರುವ ಪ್ರೋಟೀನ್ ಅದು. ಪಕ್ಕದಲ್ಲೇ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದ್ದದ್ದರಿಂದ ಸ್ಯಾಂಪಲ್‌ಗೆ ಕೊರತೆ ಆಗಲಿಲ್ಲ. 1954ರಲ್ಲಿ ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ, ಕೊಲಾಜನ್ ಮೂರು ಎಳೆಗಳ ರಚನೆ ಅಂತ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ಅದನ್ನು ತಿದ್ದಿ, ಮೂರು ಎಳೆಗಳು ಹಗ್ಗದ ಹಾಗೆ ಒಂದಕ್ಕೊಂದು ಸುತ್ತಿಕೊಂಡಿರುತ್ತವೆ ಎಂದರು.

ಅದೇ 1955ರಲ್ಲಿ ಕೇಂಬ್ರಿಜ್‌ನಿಂದ ಟೀಕೆ ಬಂತು. ಟೀಕಿಸಿದವರು ಸಾಮಾನ್ಯರಲ್ಲ: ಡಿಎನ್‌ಎ ಖ್ಯಾತಿಯ ಫ್ರಾನ್ಸಿಸ್ ಕ್ರಿಕ್, ಜೊತೆಗೆ ಅಲೆಕ್ಸಾಂಡರ್ ರಿಚ್. ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರಾ ಹತ್ತಿರ ಬಂದಿವೆ, ಅಷ್ಟು ಹತ್ತಿರ ಇರೋಕೆ ಆಗಲ್ಲ ಅನ್ನೋದು ಅವರ ವಾದ. ಹೈಡ್ರೋಜನ್ ಬಂಧಗಳ ಲೆಕ್ಕದಲ್ಲಿ ಕೊನೆಗೆ ನಿಂತದ್ದು ಅವರ ಮಾದರಿಯೇ. ಮೂರು ಎಳೆಗಳ ಸುರುಳಿ ಅನ್ನೋ ಮೂಲ ಕಲ್ಪನೆ ಮಾತ್ರ ಮದರಾಸಿನದ್ದು.

ಇಲ್ಲಿ ರಾಮಚಂದ್ರನ್ ಜಗಳಕ್ಕೆ ಹೋಗದೆ ಒಂದು ಸರಳ ಪ್ರಶ್ನೆ ಹಿಡಿದರು: ಎರಡು ಪರಮಾಣುಗಳು ನಿಜಕ್ಕೂ ಎಷ್ಟು ಹತ್ತಿರ ಬರಬಹುದು? ಅಲ್ಲಿಯವರೆಗೆ ಪ್ರಕಟವಾಗಿದ್ದ ಹರಳುಗಳ ರಚನೆಗಳನ್ನು ತೆಗೆದು, ಯಾವ ಜೋಡಿ ಎಷ್ಟು ದೂರದಲ್ಲಿದೆ ಅಂತ ಪಟ್ಟಿ ಮಾಡಿಸಿದರು. ಆ ಪಟ್ಟಿಯೇ ಮುಂದಿನ ಕೆಲಸಕ್ಕೆ ಅಡಿಪಾಯವಾಯಿತು.

ಮೆಕ್ಯಾನಿಕಲ್‌ನವರು ಒಂದು ರೋಬಾಟ್ ಕೈ ಊಹಿಸಿಕೊಳ್ಳಿ. ಪ್ರೋಟೀನ್ ಅಂದ್ರೆ ಅಮೈನೋ ಆಮ್ಲಗಳ ಉದ್ದ ಸರಪಳಿ. ಪ್ರತಿ ಕೊಂಡಿಯಲ್ಲಿ ತಿರುಗುವ ಕೀಲು ಎರಡು, ಅವುಗಳ ಕೋನಕ್ಕೆ ಫೈ ಮತ್ತು ಸೈ ಅಂತ ಹೆಸರು. ಎರಡನ್ನೂ ಹೇಗೆ ಬೇಕಾದರೂ ತಿರುಗಿಸಿದರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಯಾವ ಕೋನದಲ್ಲಿ ಡಿಕ್ಕಿ, ಯಾವುದರಲ್ಲಿ ಇಲ್ಲ? ರಾಮಚಂದ್ರನ್, ಸಿ. ರಾಮಕೃಷ್ಣನ್, ವಿ. ಶಶಿಶೇಖರನ್ ಸೇರಿ ಇದನ್ನು ಲೆಕ್ಕ ಹಾಕಿ 1963ರಲ್ಲಿ ಒಂದು ಗ್ರಾಫ್ ಪ್ರಕಟಿಸಿದರು. ಗ್ರಾಫಿನ ಮುಕ್ಕಾಲು ಪಾಲು ಖಾಲಿ, ಅಲ್ಲಿಗೆ ಪ್ರವೇಶವಿಲ್ಲ. ಉಳಿದದ್ದು ಕೆಲವೇ ದ್ವೀಪಗಳು: ಒಂದರಲ್ಲಿ ಆಲ್ಫಾ ಸುರುಳಿ, ಇನ್ನೊಂದರಲ್ಲಿ ಬೀಟಾ ಹಾಳೆ. ಆಗ ಪರಮಾಣು ಮಟ್ಟದಲ್ಲಿ ಗೊತ್ತಿದ್ದ ಪ್ರೋಟೀನ್ ರಚನೆಗಳು ಬೆರಳೆಣಿಕೆಯಷ್ಟೂ ಇರಲಿಲ್ಲ. ಡೇಟಾ ಬರುವ ಮೊದಲೇ ನಿಯಮ ಸಿದ್ಧವಾಗಿತ್ತು. ಅದೇ ರಾಮಚಂದ್ರನ್ ಪ್ಲಾಟ್.

ಈಗ ಶಿಲೀಂಧ್ರಕ್ಕೆ ಬರೋಣ. ಕ್ಯಾಂಡಿಡಾ ಅನ್ನೋ ಶಿಲೀಂಧ್ರ ಎಷ್ಟೋ ಜನರ ಬಾಯಲ್ಲಿ, ಕರುಳಲ್ಲಿ ತೆಪ್ಪಗೆ ಇರುತ್ತೆ. ರೋಗನಿರೋಧಕ ಶಕ್ತಿ ಕುಗ್ಗಿದಾಗ, ಮೈಯೊಳಗೆ ಪ್ಲಾಸ್ಟಿಕ್ ಕೊಳವೆ ಇದ್ದಾಗ ಅದೇ ಶತ್ರು. ಮೊದಲ ಹೆಜ್ಜೆ ಅಂಟಿಕೊಳ್ಳೋದು. ಅದಕ್ಕೆ ಅದರ ಹೊರಗೋಡೆಯಲ್ಲಿ ಅಡ್ಹೆಸಿನ್ ಎಂಬ ಪ್ರೋಟೀನ್‌ಗಳಿವೆ: ಬುಡ ಗೋಡೆಗೆ ಬೆಸೆದಿರುತ್ತೆ, ನಡುವೆ ಉದ್ದ ಕಾಂಡ, ತುದಿಯಲ್ಲಿ ಹಿಡಿಯುವ ತಲೆ. ಕ್ಯಾಂಡಿಡಾ ಆಲ್ಬಿಕಾನ್ಸ್‌ನ ಆಲ್ಸ್ ಪ್ರೋಟೀನ್‌ಗಳ ತಲೆ ಬಹುಪಾಲು ಬೀಟಾ ಹಾಳೆಗಳಿಂದ ಆದದ್ದು. ಅದರಲ್ಲಿ ಆಳವಾದ ಒಂದು ಗೂಡು ಇದೆ, ನಮ್ಮ ಪ್ರೋಟೀನ್‌ಗಳ ಬಾಲದ ತುದಿ ಅದರೊಳಗೆ ಸಿಕ್ಕಿಕೊಳ್ಳುತ್ತೆ. ಈ ರಚನೆ ಎಕ್ಸ್-ರೇಯಿಂದ ತಿಳಿದದ್ದು 2011ರಲ್ಲಿ.

ಕ್ಯಾಂಡಿಡಾ ಗ್ಲಾಬ್ರಾಟಾದ ಎಪಾ1 ಇನ್ನೂ ಸ್ವಾರಸ್ಯ. ಅದು ಹಿಡಿಯೋದು ನಮ್ಮ ಜೀವಕೋಶದ ಮೇಲಿನ ಗ್ಯಾಲಕ್ಟೋಸ್ ಸಕ್ಕರೆಯನ್ನು, ನಡುವೆ ಕೊಂಡಿಯಾಗಿ ಒಂದು ಕ್ಯಾಲ್ಸಿಯಂ ಅಯಾನ್. ಆ ಕ್ಯಾಲ್ಸಿಯಂ ಹಿಡಿದಿರುವ ಅಕ್ಕಪಕ್ಕದ ಎರಡು ಆಸ್ಪಾರ್ಟಿಕ್ ಆಮ್ಲಗಳ ನಡುವಿನ ಪೆಪ್ಟೈಡ್ ಬಂಧ ಸಿಸ್ ರೂಪದಲ್ಲಿದೆ. ಪೆಪ್ಟೈಡ್ ಬಂಧ ಸಲೀಸಾಗಿ ತಿರುಗಲ್ಲ. ಅಕ್ಕಪಕ್ಕದ ಕೊಂಡಿಗಳು ವಿರುದ್ಧ ಬದಿಯಲ್ಲಿದ್ದರೆ ಟ್ರಾನ್ಸ್, ಒಂದೇ ಬದಿಯಲ್ಲಿದ್ದರೆ ಸಿಸ್. ಪ್ರೋಲೀನ್ ಹತ್ತಿರ ಬಿಟ್ಟರೆ ಬೇರೆಡೆ ಸಿಸ್ ಕಾಣೋದೇ ಅಪರೂಪ. ಯಾಕೆ ಅಪರೂಪ ಅಂತ 1976ರಲ್ಲಿ ಲೆಕ್ಕ ಹಾಕಿ ತೋರಿಸಿದವರಲ್ಲಿ ಒಬ್ಬರು ಇದೇ ರಾಮಚಂದ್ರನ್.

ಇದರಿಂದ ನಮಗೇನು ಅಂತೀರಾ? ಈ ಹಿಡಿತವನ್ನು ಬಿಡಿಸುವ ಅಣು ಮಾಡಬೇಕಾದರೆ ಬೀಗದ ಅಳತೆ ಸರಿಯಿರಬೇಕು. ಎಕ್ಸ್-ರೇ ಡೇಟಾ ಮಸುಕಾಗಿದ್ದಲ್ಲಿ ಮಾಡೆಲ್ ಕಟ್ಟುವವರು ಸರಪಳಿಯನ್ನು ತಪ್ಪಾಗಿ ಮಡಚಿಬಿಡಬಹುದು. ಆ ತಪ್ಪಿನ ಮೇಲೆ ಔಷಧ ವಿನ್ಯಾಸ ಮಾಡಿದರೆ ವರ್ಷಗಳ ಕೆಲಸ ನೀರುಪಾಲು. ಹಾಗಾಗಿ ಕೋನವೊಂದು ನಿಷಿದ್ಧ ಜಾಗಕ್ಕೆ ಬಿದ್ದರೆ, ಅಥವಾ ಸಿಸ್ ಬಂಧ ಕಂಡರೆ, ಮೊದಲ ಅನುಮಾನ ಮಾಡೆಲ್ ಮೇಲೆ. ಡೇಟಾ ಗಟ್ಟಿಯಾಗಿದ್ದರೆ ಮಾತ್ರ ಅದು ತಪ್ಪಲ್ಲ, ಪ್ರೋಟೀನಿನ ಗುಟ್ಟು. ಎಪಾ1ರ ಸಿಸ್ ಬಂಧ ಅಂಥ ಗುಟ್ಟು. ಅದರ ಹತ್ತಿರದ ಬಂಧು, ಯೀಸ್ಟ್‌ನ ಫ್ಲೋ5 ಪ್ರೋಟೀನಿನಲ್ಲೂ ಇದೇ ಜೋಡಣೆ ಸಿಕ್ಕಿದೆ.

ರಾಮಚಂದ್ರನ್ ಒಂದೇ ವಿಷಯಕ್ಕೆ ಕಟ್ಟುಬಿದ್ದವರಲ್ಲ. 1971ರಲ್ಲಿ ಎ. ವಿ. ಲಕ್ಷ್ಮೀನಾರಾಯಣನ್ ಜೊತೆ, ಎಕ್ಸ್-ರೇ ಚಿತ್ರಗಳಿಂದ ಮೂರು ಆಯಾಮದ ರೂಪವನ್ನು ಫೂರಿಯೆ ರೂಪಾಂತರವಿಲ್ಲದೆ ಕನ್ವಲ್ಯೂಷನ್‌ನಿಂದಲೇ ಮರಳಿ ಕಟ್ಟುವ ದಾರಿ ತೋರಿಸಿದರು. ಸಿಟಿ ಸ್ಕ್ಯಾನ್ ಗಣಿತಕ್ಕೆ ಅದು ದೊಡ್ಡ ಕೊಡುಗೆ. ಸಿಗ್ನಲ್ಸ್ ಪೇಪರ್‌ನಲ್ಲಿ ಒದ್ದಾಡುವ ಇಸಿ ಮಿತ್ರರು ಗಮನಿಸಿ! ಅದೇ ಹೊತ್ತಿಗೆ ಬೆಂಗಳೂರಿಗೆ ಮರಳಿ, ತಾವು ಓದಿದ ಸಂಸ್ಥೆಯಲ್ಲೇ ಅಣು ಜೈವಿಕ ಭೌತಶಾಸ್ತ್ರ ವಿಭಾಗ ಕಟ್ಟಿದರು. 1977ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, 1999ರಲ್ಲಿ ಇವಾಲ್ಡ್ ಪ್ರಶಸ್ತಿ ಬಂತು. ನೊಬೆಲ್ ಬರಲಿಲ್ಲ. ಕೊನೆಯ ವರ್ಷಗಳು ಕಷ್ಟದವು: ಪಾರ್ಕಿನ್ಸನ್ ಕಾಯಿಲೆ, 1998ರಲ್ಲಿ ಹೆಂಡತಿ ರಾಜಲಕ್ಷ್ಮಿಯವರ ಸಾವು. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ತೀರಿಕೊಂಡರು.

ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಎಪಾ1ರ ರಚನೆ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಅದರ ವ್ಯಾಲಿಡೇಷನ್ ರಿಪೋರ್ಟ್ ತೆರೆಯಿರಿ. ಪರಮಾಣುಗಳು ಎಷ್ಟು ಕಡೆ ಡಿಕ್ಕಿ ಹೊಡೆದಿವೆ ಅನ್ನೋ ಲೆಕ್ಕ ಒಂದು ಸಾಲಿನಲ್ಲಿರುತ್ತೆ, ಇನ್ನೊಂದು ಸಾಲಿನಲ್ಲಿ ರಾಮಚಂದ್ರನ್ ಅವರ ಹೆಸರಿರುತ್ತೆ.