ನೋಂದಣಿಯನ್ನು ಒಪ್ಪದ ನೈಟಿಂಗೇಲ್

ಮೇ 12 ಬಂತೆಂದರೆ ನರ್ಸಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿನಿಯರು ದೀಪ ಹಿಡಿದು ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಪ್ರತಿಜ್ಞೆ ಸ್ವೀಕರಿಸುತ್ತಾರೆ. ಆ ಪ್ರತಿಜ್ಞೆಯನ್ನು ಬರೆದವರು ಆಕೆಯಲ್ಲ. ಅದು 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಸಿದ್ಧವಾದದ್ದು. ಇನ್ನೂ ಸೋಜಿಗದ ಸಂಗತಿಯೆಂದರೆ, ಇಂದು ಕಾರವಾರದಲ್ಲಾಗಲಿ ಅಂಕೋಲೆಯಲ್ಲಾಗಲಿ ಯಾವ ನೋಂದಣಿಯಿಲ್ಲದೆ ದಾದಿಯೊಬ್ಬಳು ವೃತ್ತಿ ಆರಂಭಿಸುವಂತಿಲ್ಲವೋ, ಆ ನೋಂದಣಿ ಪದ್ಧತಿಯನ್ನು ತಡೆಯಲು ನೈಟಿಂಗೇಲ್ ತಮ್ಮ ಇಳಿವಯಸ್ಸಿನ ಹಲವು ವರ್ಷಗಳನ್ನು ವ್ಯಯಿಸಿದ್ದರು.

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಶ್ರೀಮಂತ ಇಂಗ್ಲಿಷ್ ಕುಟುಂಬವೊಂದರಲ್ಲಿ ಹುಟ್ಟಿದ ಆಕೆ, ಮನೆಯವರ ತೀವ್ರ ವಿರೋಧದ ನಡುವೆ ಶುಶ್ರೂಷೆಯನ್ನು ಆರಿಸಿಕೊಂಡರು. ಆಗ ಅದು ಗೌರವಸ್ಥರ ಮನೆಯ ಹೆಣ್ಣುಮಕ್ಕಳ ಕೆಲಸವಾಗಿರಲಿಲ್ಲ. 1854ರಲ್ಲಿ 38 ದಾದಿಯರೊಂದಿಗೆ ಕ್ರಿಮಿಯಾ ಯುದ್ಧದ ಸ್ಕುಟಾರಿ ಆಸ್ಪತ್ರೆಗೆ ಹೋದ ಕಥೆ ಶಾಲಾ ಮಕ್ಕಳಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು, ಅಲ್ಲಿಂದ ಮರಳಿದ ಮೇಲೆ ಬಹುಪಾಲು ಹಾಸಿಗೆ ಹಿಡಿದೇ ಆಕೆ ನಡೆಸಿದ ಐವತ್ತು ವರ್ಷಗಳ ಕಾಗದಪತ್ರಗಳ ಬದುಕು. ಸೈನಿಕರನ್ನು ಗುಂಡಿಗಿಂತ ಕೊಳಕೇ ಹೆಚ್ಚಾಗಿ ಕೊಂದಿತೆಂಬುದನ್ನು ಅಂಕಿಅಂಶಗಳ ಮೂಲಕ ತೋರಿಸಿಕೊಟ್ಟರು. ಭಾರತಕ್ಕೆ ಒಮ್ಮೆಯೂ ಬಾರದಿದ್ದರೂ ಇಲ್ಲಿನ ಸೇನಾ ಠಾಣೆಗಳಿಂದ ವರದಿ ತರಿಸಿಕೊಂಡು ಓದಿದರು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದಾರೆಂಬ 1863ರ ರಾಯಲ್ ಆಯೋಗದ ವರದಿಯ ಹಿಂದೆ ಆಕೆಯ ಶ್ರಮವಿತ್ತು. ಭಾರತದ ಆಸ್ಪತ್ರೆಗಳಲ್ಲಿ ಶುಶ್ರೂಷಾ ವ್ಯವಸ್ಥೆ ಹೇಗಿರಬೇಕೆಂದು 1865ರಲ್ಲೇ ಸಲಹೆಗಳನ್ನು ಬರೆದುಕೊಟ್ಟರು. 1888ರಲ್ಲಿ ಇಂಗ್ಲೆಂಡಿನಿಂದ ಬಂದ ತರಬೇತಾದ ದಾದಿಯರ ಮೊದಲ ತಂಡದ ಕೆಲವರು ಬೆಂಗಳೂರಿನ ಸೇನಾ ಆಸ್ಪತ್ರೆಗೂ ಬಂದರು.

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭವಾದ ನೈಟಿಂಗೇಲ್ ಶಾಲೆಯಲ್ಲಿ ತರಬೇತಿ ಒಂದು ವರ್ಷದ್ದು. ಪ್ರತಿ ವಿದ್ಯಾರ್ಥಿನಿಯ ಹೆಸರಿನಲ್ಲಿ ತಿಂಗಳಿಗೊಂದು ಹಾಳೆ. ಸಮಯಪಾಲನೆ, ಶಾಂತ ಸ್ವಭಾವ, ನಂಬಿಕಸ್ಥಿಕೆ, ಶುಚಿತ್ವ ಮೊದಲಾಗಿ ಒಂದೊಂದಕ್ಕೂ ಮೇಲ್ವಿಚಾರಕಿಯ ಟಿಪ್ಪಣಿ. ನೋಂದಣಿಯ ಕುರಿತ ಆಕೆಯ ನಿಲುವು ಈ ಹಾಳೆಯಲ್ಲಿಯೇ ಅಡಗಿದೆ.

1887ರಲ್ಲಿ ಎಥೆಲ್ ಬೆಡ್‌ಫೋರ್ಡ್ ಫೆನ್‌ವಿಕ್ ಎಂಬ ಮಾಜಿ ಮೇಟ್ರನ್ ಬ್ರಿಟಿಷ್ ದಾದಿಯರ ಸಂಘವನ್ನು ಕಟ್ಟಿದರು. ಮೂರು ವರ್ಷದ ತರಬೇತಿ, ಸಾರ್ವಜನಿಕರು ನೋಡಬಹುದಾದ ದಾಖಲೆ ಪುಸ್ತಕ, ವೈದ್ಯರಿಗಿರುವಂತೆ ಕಾನೂನಿನ ಮಾನ್ಯತೆ ಇವು ಅವರ ಬೇಡಿಕೆ. ನೈಟಿಂಗೇಲ್ ಒಪ್ಪಲಿಲ್ಲ. ಪರೀಕ್ಷೆ ಅಳೆಯುವುದು ಓದನ್ನು, ದಾದಿಯ ಗುಣವನ್ನಲ್ಲ. ಒಮ್ಮೆ ಪುಸ್ತಕದಲ್ಲಿ ಸೇರಿದ ಹೆಸರು, ಆಕೆಯ ಕೆಲಸ ಕೆಟ್ಟ ಮೇಲೂ ಅಲ್ಲಿಯೇ ಉಳಿದು ರೋಗಿಗೆ ಸುಳ್ಳು ಭರವಸೆ ಕೊಡುತ್ತದೆ ಎಂಬುದು ಆಕೆಯ ವಾದದ ಸಾರ. ಒಡ್ಡೋಲಗದಲ್ಲಿ ಪ್ರಭಾವವಿದ್ದವರು ಎರಡೂ ಕಡೆ ಇದ್ದರು. 1893ರಲ್ಲಿ ಸಂಘಕ್ಕೆ ರಾಜಸನ್ನದು ಸಿಕ್ಕಿತಾದರೂ, ದಾದಿಯರ ‘ಪಟ್ಟಿ’ ಇಡಲು ಅನುಮತಿ ದೊರೆಯಿತೇ ಹೊರತು ಕೇಳಿದ ‘ನೋಂದಣಿ ಪುಸ್ತಕ’ಕ್ಕಲ್ಲ. ಶಬ್ದವೊಂದರ ಈ ಬದಲಾವಣೆ ನೈಟಿಂಗೇಲ್ ಪಕ್ಷದ ಗೆಲುವಾಗಿತ್ತು.

ಆಕೆಯ ಆತಂಕದಲ್ಲಿ ಹುರುಳಿತ್ತು, ಆದರೆ ಆಕೆ ಸೂಚಿಸಿದ ದಾರಿ ಸಣ್ಣ ವಲಯಕ್ಕಷ್ಟೇ ಸಾಲುವಂಥದು. ದಾದಿಯನ್ನು ಹೆಸರು ಹಿಡಿದು ಬಲ್ಲ ಮೇಟ್ರನ್ನಳ ಮಾತೇ ಪ್ರಮಾಣವೆನ್ನುವುದು ಲಂಡನ್ನಿನ ಒಂದು ಆಸ್ಪತ್ರೆಗೆ ಸರಿ. ಊರು ಬಿಟ್ಟು ಊರಿಗೆ ಹೋಗಿ ದುಡಿಯುವ ದಾದಿಯನ್ನು ಅಂಕೋಲೆಯ ಹಳ್ಳಿಯೊಂದರ ಬಾಣಂತಿ ಹೇಗೆ ಗುರುತಿಸಬೇಕು? 1901ರಲ್ಲಿ ನ್ಯೂಜಿಲೆಂಡ್ ದಾದಿಯರಿಗೆಂದೇ ಪ್ರತ್ಯೇಕ ನೋಂದಣಿ ಕಾಯಿದೆ ತಂದಾಗ ನೈಟಿಂಗೇಲ್ ಇನ್ನೂ ಬದುಕಿದ್ದರು. ಇಂಗ್ಲೆಂಡಿನಲ್ಲಿ ಅಂಥ ಕಾಯಿದೆ ಬಂದದ್ದು 1919ರಲ್ಲಿ, ಆಕೆ ತೀರಿಕೊಂಡು ಒಂಬತ್ತು ವರ್ಷಗಳಾದ ಮೇಲೆ.

ಭಾರತಕ್ಕೆ ಅದು ಪ್ರಾಂತಗಳ ಮೂಲಕ ಬಂತು. ಇಲ್ಲಿ ನಮ್ಮ ಕರಾವಳಿಯದು ವಿಚಿತ್ರ ಪರಿಸ್ಥಿತಿ. ಹತ್ತಿಯ ರಫ್ತಿಗೆ ಕಾರವಾರ ಬಂದರು ಬೇಕೆಂಬ ಮುಂಬೈ ವರ್ತಕರ ಒತ್ತಾಯದಿಂದ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬೈ ಪ್ರಾಂತಕ್ಕೆ ಸೇರಿಸಲಾಗಿತ್ತು. ಹೀಗಾಗಿ ಕುಂದಾಪುರದ ದಾದಿಗೆ 1926ರ ಮದ್ರಾಸ್ ಕಾಯಿದೆ, ನೆರೆಯ ಭಟ್ಕಳದಿಂದ ಕಾರವಾರದವರೆಗಿನ ದಾದಿಗೆ 1935ರ ಮುಂಬೈ ಕಾಯಿದೆ. ಹತ್ತಿಗಾಗಿ ಎಳೆದ ಗೆರೆ ಹೆರಿಗೆ ಕೋಣೆಯನ್ನೂ ಆಳಿತು! ರಾಷ್ಟ್ರಮಟ್ಟದಲ್ಲಿ ಏಕರೂಪದ ಶಿಕ್ಷಣಕ್ಕಾಗಿ 1947ರಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂತು. ಏಕೀಕರಣದ ನಂತರ 1961ರ ರಾಜ್ಯ ಕಾಯಿದೆ ಇಡೀ ಕನ್ನಡ ನಾಡಿನ ದಾದಿಯರು, ಸೂಲಗಿತ್ತಿಯರು ಹಾಗೂ ಆರೋಗ್ಯ ಸಂದರ್ಶಕಿಯರನ್ನು ಒಂದೇ ಪುಸ್ತಕದಡಿ ತಂದಿತು.

ಕಾಲೇಜು ತೆರೆಯಲು ರಾಜ್ಯದ ಅನುಮತಿ ಸಾಕೇ, ಕೇಂದ್ರ ಪರಿಷತ್ತಿನದೂ ಬೇಕೇ ಎಂಬ ಜಗಳ ಕರ್ನಾಟಕದಲ್ಲಿ ಹೈಕೋರ್ಟಿನ ಮೆಟ್ಟಿಲೇರಿತು. ಅದರ ಬಿಸಿ ತಟ್ಟಿದ್ದು ಕಾಲೇಜಿನ ಒಡೆಯರಿಗಿಂತ ವಿದ್ಯಾರ್ಥಿನಿಯರಿಗೆ. ಹೊರರಾಜ್ಯದಲ್ಲಿ ಕೆಲಸ ಹುಡುಕುವಾಗ ಪ್ರಮಾಣಪತ್ರದ ಮಾನ್ಯತೆಯೇ ಮೊದಲ ಪ್ರಶ್ನೆ. ಕಾಳಿ ನದಿಯಾಚೆ ಮಾಜಾಳಿ ದಾಟಿದರೆ ಗೋವಾ. ಕಾರವಾರದ ಹುಡುಗಿಗೆ ಹೊರರಾಜ್ಯವೆಂಬುದು ಅಷ್ಟು ಹತ್ತಿರ. 1947ರ ಕಾಯಿದೆಯ ಬದಲಿಗೆ ರಾಷ್ಟ್ರೀಯ ಶುಶ್ರೂಷಾ ಮತ್ತು ಪ್ರಸೂತಿ ಆಯೋಗವನ್ನು ರಚಿಸುವ ಕಾಯಿದೆಯನ್ನು ಸಂಸತ್ತು ಅಂಗೀಕರಿಸಿದ್ದು 2023ರಲ್ಲಿ.

ನೈಟಿಂಗೇಲ್ 1907ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದರು. ಆ ವೇಳೆಗೆ ಕಣ್ಣು ಕಾಣದಾಗಿತ್ತು, ನೆನಪೂ ಮಾಸಿತ್ತು. 1910ರ ಆಗಸ್ಟ್ 13ರಂದು ಲಂಡನ್ನಿನಲ್ಲಿ ತೀರಿಕೊಂಡಾಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡುವ ಪ್ರಸ್ತಾಪವನ್ನು ಕುಟುಂಬದವರು ಒಪ್ಪಲಿಲ್ಲ. ಹ್ಯಾಂಪ್‌ಶೈರಿನ ಹಳ್ಳಿಯ ಚರ್ಚಿನ ಅಂಗಳದಲ್ಲಿರುವ ಸಮಾಧಿಯ ಮೇಲೆ ಪೂರ್ಣ ಹೆಸರೂ ಇಲ್ಲ, ಕೇವಲ ಎರಡು ಮೊದಲಕ್ಷರಗಳು ಮತ್ತು ಹುಟ್ಟು ಸಾವಿನ ವರ್ಷಗಳು.