ಪಾರಿಶ್ವಾಡದ ಕ್ಲಾಸು ಮತ್ತು ಕಾರಂತರು

ಹೋದ ಸೆಮ್‌ನಲ್ಲಿ ಕ್ಲಬ್ ಕಡೆಯಿಂದ ನಾವು ನಾಲ್ಕು ಜನ ಖಾನಾಪುರ ತಾಲ್ಲೂಕಿನ ಪಾರಿಶ್ವಾಡಕ್ಕೆ ಹೋಗಿದ್ವಿ. ಏಳನೇ ಕ್ಲಾಸಿನ ಮಕ್ಕಳಿಗೆ ಪರಿಸರ ವ್ಯವಸ್ಥೆ ಅಂದ್ರೇನು ಅಂತ ಹೇಳಿಕೊಡಬೇಕಿತ್ತು. ನಮ್ಮ ಸ್ಲೈಡ್‌ಗಳಲ್ಲಿ ಇದ್ದದ್ದು ಆಫ್ರಿಕಾದ ಸಿಂಹ, ಜೀಬ್ರಾ. ಮಕ್ಕಳು ಸುಮ್ಮನೆ ಕೂತಿದ್ರು. ಕೊನೆಗೆ ಒಬ್ಬ ಹುಡುಗಿ, ತಮ್ಮ ಕಬ್ಬಿನ ಹೊಲದ ಇಲಿ, ಹಾವು, ನವಿಲು ಕೂಡ ಇದರಲ್ಲಿ ಬರ್ತಾವೇನು ಅಂತ ಕೇಳಿದಳು. ನಮಗೆ ನಾಚಿಕೆ ಆಯ್ತು. ಹೊರಡುವಾಗ ಅಲ್ಲಿನ ಸರ್ ಒಬ್ಬರು ಶಿವರಾಮ ಕಾರಂತರನ್ನು ಓದಿ ಅಂದ್ರು.

ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಕಾರಂತರು ಅಂದ್ರೆ ಒಂದು ಕ್ವಿಜ್ ಉತ್ತರ: ಮೂಕಜ್ಜಿಯ ಕನಸುಗಳು, ಜ್ಞಾನಪೀಠ, ಅಷ್ಟೇ. ಅವರು ಮಕ್ಕಳ ಮೇಷ್ಟ್ರೂ ಆಗಿದ್ರು ಅನ್ನೋದು ಗೊತ್ತೇ ಇರಲಿಲ್ಲ.

ಕಾರಂತರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಉಡುಪಿ ಜಿಲ್ಲೆಯ ಕೋಟದಲ್ಲಿ. ಅಸಹಕಾರ ಚಳವಳಿ ಶುರುವಾದಾಗ ಕಾಲೇಜು ಬಿಟ್ಟರು. ನಮ್ಮ ಭಾಷೆಯಲ್ಲಿ ಡ್ರಾಪೌಟ್! ಆಮೇಲೆ ಪುತ್ತೂರಿಗೆ ಬಂದು, 1930ರ ದಶಕದಲ್ಲಿ ಅಲ್ಲಿ ಬಾಲವನ ಕಟ್ಟಿದರು. ಮಕ್ಕಳು ಆಟ, ಹಾಡು, ಕುಣಿತದ ಜೊತೆ, ಸುತ್ತಲಿನದನ್ನು ಕಣ್ಣಾರೆ ನೋಡಿ ಕಲಿಯಲಿ ಅನ್ನೋದು ಅವರ ಆಸೆ. ಆ ಶಾಲೆ ಹೆಚ್ಚು ವರ್ಷ ನಡೆಯಲಿಲ್ಲ. ಆದ್ರೆ ಕಾರಂತರು ನಿಲ್ಲಲಿಲ್ಲ. 1936ರಲ್ಲಿ ಮಕ್ಕಳಿಗಾಗಿ ಮೂರು ಸಂಪುಟಗಳ ಬಾಲಪ್ರಪಂಚ ತಂದರು. 1959ರಿಂದ 1964ರ ನಡುವೆ ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚ ಬಂತು. ಗೂಗಲ್ ಇಲ್ಲದ ಕಾಲದಲ್ಲಿ, ಅದೂ ಕನ್ನಡದಲ್ಲಿ! ನಾವಾದರೋ ದ್ಯುತಿಸಂಶ್ಲೇಷಣೆ ಅನ್ನೋ ಪದವನ್ನು ಫೋನಿನಲ್ಲಿ ಹುಡುಕಿ ಪಾಠ ಮಾಡಿದವರು.

ಕಾಳಿ ನದಿ ದಂಡೆಯ ಕೈಗಾದಲ್ಲಿ ಅಣುಸ್ಥಾವರ ಬರುತ್ತೆ ಅಂದಾಗ ಕಾರಂತರು ಅದನ್ನು ವಿರೋಧಿಸಿದರು. ಇದೇ ವಿಷಯ ಇಟ್ಟುಕೊಂಡು 1989ರಲ್ಲಿ, 87ನೇ ವಯಸ್ಸಿನಲ್ಲಿ, ಕೆನರಾ ಕ್ಷೇತ್ರದಿಂದ ಲೋಕಸಭೆಗೆ ನಿಂತು ಸೋತರು. ಈಗ ಅದರ ಹೆಸರು ಉತ್ತರ ಕನ್ನಡ ಕ್ಷೇತ್ರ. ಖಾನಾಪುರವೂ ಇವತ್ತು ಅದರಲ್ಲೇ ಇದೆ. ಸ್ಥಾವರವೂ ಬಂತು, ಇವತ್ತಿಗೂ ಕರೆಂಟ್ ಕೊಡ್ತಿದೆ. ಅಲ್ಲಿ ಕೆಲಸ ಸಿಕ್ಕರೆ ನಮ್ಮಲ್ಲಿ ಎಷ್ಟೋ ಜನ ಖುಷಿಯಿಂದ ಹೋಗ್ತೀವಿ. ಅವರು ಹೇಳಿದ್ದೇ ಸರಿ ಅಂತ ನಮ್ಮೆಲ್ಲರ ಅಭಿಪ್ರಾಯವೇನೂ ಅಲ್ಲ. ಆದ್ರೆ ವಿಜ್ಞಾನವನ್ನು ಇಷ್ಟು ಪ್ರೀತಿಸಿದವರೊಬ್ಬರು, ಒಂದು ಪ್ರಾಜೆಕ್ಟಿನಿಂದ ಕಾಡಿಗೆ, ನದಿಗೆ ಏನಾಗುತ್ತೆ ಅಂತ ಕೇಳಿದ್ದನ್ನು ನಾವು ಇಂಜಿನಿಯರ್‌ಗಳು ಮರೆಯಬಾರದು.

ಕಾರಂತರು ತೀರಿಕೊಂಡಿದ್ದು 1997ರ ಡಿಸೆಂಬರ್ 9ರಂದು. 95ರ ಆ ವಯಸ್ಸಿನಲ್ಲೂ ಅವರು ಬರೆದದ್ದು ಹಕ್ಕಿಗಳ ಬಗ್ಗೆ.

ಮುಂದಿನ ತಿಂಗಳು ನಾವು ಮತ್ತೆ ಪಾರಿಶ್ವಾಡಕ್ಕೆ ಹೋಗ್ತಿದ್ದೀವಿ. ಈ ಸಲ ಲ್ಯಾಪ್‌ಟಾಪ್ ಒಯ್ಯೋದಿಲ್ಲ. ಆ ಹುಡುಗಿಯ ಕಬ್ಬಿನ ಹೊಲದಿಂದಲೇ ಪಾಠ ಶುರು. ಬರೋರು ಹೆಸರು ಕೊಡಿ.