ಗಾಲಿಗೆ ತಿರುವು ಕೊಟ್ಟ ಜೇಮ್ಸ್ ಪ್ಲಿಂಪ್ಟನ್

ಪ್ರಾಯ ಕಳೆದವರು ಆಡಬಾರದೆಂಬ ಶಾಸನವನ್ನು ಯಾವ ಅರಸನೂ ಬರೆಸಿದ್ದಿಲ್ಲ. ಆದರೂ ಅದು ಬಹುಪಾಲು ನಾಡುಗಳಲ್ಲಿ ಜಾರಿಯಲ್ಲಿದೆ. ಸಂಸಾರಸ್ಥನಾದ ಮೇಲೆ ಮನುಷ್ಯ ಆಟವನ್ನು ನೋಡಬಹುದು. ಆಡುವುದು ಮಾತ್ರ ಮಕ್ಕಳ ಪಾಲು. ನಮ್ಮ ಪಟ್ಟಣಗಳಲ್ಲಿ ರೋಲರ್ ಸ್ಕೇಟಿಂಗ್ ಕಲಿಸುವ ಅಂಗಳಗಳಲ್ಲಿ ನಾನು ಕಂಡಿರುವುದೂ ಇದನ್ನೇ. ಕಾಲಿಗೆ ಗಾಲಿ ಕಟ್ಟಿಕೊಂಡು ಮಕ್ಕಳು ಸುತ್ತುತ್ತಿರುತ್ತಾರೆ. ಅವರ ಚೀಲಗಳನ್ನೂ ನೀರಿನ ಸೀಸೆಗಳನ್ನೂ ಹಿಡಿದು ತಂದೆತಾಯಿಗಳು ಅಂಚಿನಲ್ಲಿ ಕುಳಿತಿರುತ್ತಾರೆ. ಆದರೆ ನಾಲ್ಕು ಗಾಲಿಯ ಸ್ಕೇಟು ಹುಟ್ಟಿದ್ದು ಮಕ್ಕಳಿಗಾಗಿ ಅಲ್ಲ. ಅದನ್ನು ನಿರ್ಮಿಸಿದ ಜೇಮ್ಸ್ ಲಿಯೊನಾರ್ಡ್ ಪ್ಲಿಂಪ್ಟನ್ ಆಗ ಮೂವತ್ತು ದಾಟಿದ, ದೇಹಸ್ವಾಸ್ಥ್ಯ ಕೆಟ್ಟಿದ್ದ ಒಬ್ಬ ವ್ಯಾಪಾರಿ. ಆತ ಅದನ್ನು ಮೊದಲು ಮಾಡಿಕೊಂಡದ್ದು ತನಗಾಗಿ. ಆಮೇಲೆ ತನ್ನಂಥ ವಯಸ್ಕರಿಗಾಗಿ.

ಪ್ಲಿಂಪ್ಟನ್ ೧೮೨೮ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಮೆಡ್‌ಫೀಲ್ಡ್ ಎಂಬ ಊರಿನಲ್ಲಿ ಹುಟ್ಟಿದನು. ಬೆಳೆದದ್ದು ಹೊಲಮನೆಯಲ್ಲಿ, ಮನಸ್ಸು ಹೋದದ್ದು ಯಂತ್ರಗಳ ಕಡೆಗೆ. ಹರೆಯದಲ್ಲಿಯೇ ಯಂತ್ರಶಾಲೆಯ ಕೆಲಸ ಕಲಿತು, ಮುಂದೆ ಅಣ್ಣತಮ್ಮಂದಿರು ಕೂಡಿ ವೆಸ್ಟ್‌ಫೀಲ್ಡಿನಲ್ಲಿ ಸ್ವಂತ ಯಂತ್ರಶಾಲೆಯೊಂದನ್ನು ನಡೆಸಿದರು. ಅಲ್ಲಿಂದ ನ್ಯೂಯಾರ್ಕಿಗೆ ಬಂದ ಜೇಮ್ಸ್ ಮೇಜು, ಕುರ್ಚಿ, ಬೀರುಗಳ ವ್ಯಾಪಾರದಲ್ಲಿ ನೆಲೆ ನಿಂತನು. ಇಷ್ಟರಲ್ಲಿಯೇ ಮುಗಿದಿದ್ದರೆ ಆತನ ಬಾಳು ಆ ಮಹಾನಗರದ ಸಾವಿರಾರು ಉದ್ಯಮಶೀಲರ ಬಾಳಿನಂತೆಯೇ ಇರುತ್ತಿತ್ತು.

ನಡುವೆ ದೇಹ ಸೋತಿತು. ಮಂಜುಗಡ್ಡೆಯ ಮೇಲೆ ಜಾರುವ ವ್ಯಾಯಾಮವನ್ನು ಕೈಕೊಳ್ಳುವಂತೆ ವೈದ್ಯರು ಸಲಹೆ ಕೊಟ್ಟರೆಂದು ಆತನ ಚರಿತ್ರೆ ಹೇಳುತ್ತದೆ. ಚಳಿಗಾಲದಲ್ಲಿ ಕೆರೆಗಳು ಹೆಪ್ಪುಗಟ್ಟಿದಾಗ ಆತ ಜಾರಿದನು. ಮೈಗೆ ಹೊಸ ಚೈತನ್ಯ ಬಂದಿತು. ವಸಂತ ಬಂದಿತು, ಮಂಜು ಕರಗಿತು. ಔಷಧವೂ ಅದರೊಡನೆ ಕರಗಿ ಹೋಯಿತು. ವರ್ಷದ ಉಳಿದ ತಿಂಗಳುಗಳಿಗೆ ಏನು ಮಾಡಬೇಕು? ಹಲಗೆಯ ನೆಲದ ಮೇಲೆ ಅದೇ ಬಗೆಯಲ್ಲಿ ಜಾರುವ ಉಪಾಯವನ್ನು ಆತ ಹುಡುಕತೊಡಗಿದನು.

ಗಾಲಿಯ ಪಾದರಕ್ಷೆ ಆ ಹೊತ್ತಿಗೆ ಹೊಸದೇನಾಗಿರಲಿಲ್ಲ. ನೂರು ವರ್ಷಗಳ ಹಿಂದೆಯೇ ಲಂಡನ್ನಿನಲ್ಲಿ ಜಾನ್ ಜೋಸೆಫ್ ಮರ್ಲಿನ್ ಎಂಬ ವಾದ್ಯನಿರ್ಮಾಪಕ ಅಂಥದನ್ನು ಮಾಡಿದ್ದನು. ಸೋಹೋ ಚೌಕದ ಕಾರ್ಲೈಲ್ ಹೌಸಿನ ವೇಷದ ಕೂಟವೊಂದರಲ್ಲಿ ಆತ ಗಾಲಿಗಳ ಮೇಲೆ ಪಿಟೀಲು ನುಡಿಸುತ್ತ ಬಂದನೆಂದೂ, ನಿಲ್ಲಿಸಲೂ ತಿರುಗಿಸಲೂ ಆಗದೆ ಭಾರಿ ಬೆಲೆಯ ನಿಲುಗನ್ನಡಿಗೆ ಹೋಗಿ ಅಪ್ಪಳಿಸಿ, ಕನ್ನಡಿಯನ್ನೂ ಪಿಟೀಲನ್ನೂ ಒಡೆದು, ತಾನೂ ಗಾಯಗೊಂಡನೆಂದೂ ಒಂದು ಕಥೆ ಪ್ರಸಿದ್ಧವಾಗಿದೆ. ೧೮೧೯ರಲ್ಲಿ ಪ್ಯಾರಿಸ್ಸಿನ ಪೆತಿಬ್ಲೆಡ್ ಒಂದೇ ಸಾಲಿನಲ್ಲಿ ಗಾಲಿಗಳಿದ್ದ ಸ್ಕೇಟಿಗೆ ಪೇಟೆಂಟ್ ಪಡೆದನು. ೧೮೪೯ರಲ್ಲಿ ಮೇಯರ್‌ಬೇರನ ಸಂಗೀತನಾಟಕವೊಂದರಲ್ಲಿ ಹಿಮದ ಮೇಲೆ ಜಾರುವ ದೃಶ್ಯವನ್ನು ನರ್ತಕರು ಗಾಲಿಗಳ ಮೇಲೆ ಅಭಿನಯಿಸಿದರು. ಆದರೆ ಈ ಎಲ್ಲ ಸಾಧನಗಳಿಗೂ ಒಂದೇ ಬಾಧೆ: ಅವು ನೇರವಾಗಿ ಓಡಬಲ್ಲವು, ಸಲೀಸಾಗಿ ತಿರುಗಲಾರವು. ಅಂಥ ಗಾಲಿಯ ಮೇಲೆ ನಾಟಕದವರು ಪ್ರದರ್ಶನ ಕೊಡಬಹುದು. ಸಾಮಾನ್ಯ ಗೃಹಸ್ಥ ಸಂಜೆಯ ವಿಹಾರ ಮಾಡುವುದು ಸಾಧ್ಯವಿಲ್ಲ.

ಪ್ಲಿಂಪ್ಟನ್ ಬಿಡಿಸಿದ್ದು ಈ ಗಂಟನ್ನು. ನಮ್ಮ ಎತ್ತಿನ ಗಾಡಿಯ ಅಚ್ಚು ಗಾಡಿಯ ಮೈಗೆ ಬಿಗಿದುಕೊಂಡಿರುತ್ತದೆ. ದಾರಿ ತಿರುಗಿದರೆ ಎತ್ತುಗಳು ಇಡೀ ಗಾಡಿಯನ್ನು ಎಳೆದು ಹೊರಳಿಸಬೇಕು. ಹಳೆಯ ಸ್ಕೇಟುಗಳ ಅವಸ್ಥೆಯೂ ಅದೇ. ಈತನು ಪಾದದ ಹಲಗೆಯ ಕೆಳಗೆ ಮುಂದೊಂದು ಹಿಂದೊಂದು ಅಚ್ಚು ಇಟ್ಟು, ಒಂದೊಂದಕ್ಕೂ ಎರಡೆರಡು ಗಾಲಿ ಜೋಡಿಸಿದನು. ಅಚ್ಚುಗಳನ್ನು ಹಲಗೆಗೆ ಬಿಗಿಯದೆ, ಓರೆಯಾದ ತಿರುಗಣಿಯ ಮೇಲೆ ಕೂರಿಸಿ, ನಡುವೆ ರಬ್ಬರಿನ ಮೆತ್ತೆಯನ್ನು ಇಟ್ಟನು. ಜಾರುವವನು ಮೈಯನ್ನು ಬಲಕ್ಕೆ ವಾಲಿಸಿದರೆ ಹಲಗೆಯೂ ಬಲಕ್ಕೆ ಓಲುತ್ತದೆ. ಒಡನೆ ಮುಂದಿನ ಅಚ್ಚು ಒಂದು ಕಡೆಗೆ, ಹಿಂದಿನದು ಅದಕ್ಕೆ ವಿರುದ್ಧವಾಗಿ ಹೊರಳಿ, ಸ್ಕೇಟು ಬಲಕ್ಕೆ ಕಮಾನಿನಂತೆ ಬಾಗಿ ಓಡುತ್ತದೆ. ಮೈ ನೆಟ್ಟಗಾದರೆ ರಬ್ಬರು ಅಚ್ಚುಗಳನ್ನು ಸ್ವಸ್ಥಾನಕ್ಕೆ ತರುತ್ತದೆ. ಕಾಲನ್ನು ತಿರುಚಬೇಕಿಲ್ಲ, ಎತ್ತಿ ಇಡಬೇಕಿಲ್ಲ, ವಾಲಿದರೆ ಸಾಕು. ಇಂದಿನ ನಾಲ್ಕು ಗಾಲಿಯ ಸ್ಕೇಟುಗಳಲ್ಲಿ ಲೋಹ, ಗಾಲಿಯ ದ್ರವ್ಯ ಎಲ್ಲವೂ ಬದಲಾಗಿವೆ. ಓಲುವ ಈ ತತ್ತ್ವ ಮಾತ್ರ ಹಾಗೆಯೇ ಉಳಿದಿದೆ.

ಈ ರಚನೆಗೆ ಅಮೆರಿಕದ ಸರ್ಕಾರ ೧೮೬೩ರ ಜನವರಿ ೬ರಂದು ಪೇಟೆಂಟ್ ಕೊಟ್ಟಿತು. ಅದರ ಸಂಖ್ಯೆ ೩೭,೩೦೫. ಆ ದಿನಾಂಕವನ್ನು ಓದಿದಾಗ ನನ್ನ ಮನಸ್ಸು ಅಲ್ಲಿಯೇ ನಿಂತಿತು. ಅದಕ್ಕೆ ಕೇವಲ ಐದು ದಿನ ಮುಂಚೆ, ಜನವರಿ ೧ರಂದು, ಅಧ್ಯಕ್ಷ ಲಿಂಕನ್ ದಾಸ್ಯವಿಮೋಚನೆಯ ಘೋಷಣೆಗೆ ಸಹಿ ಮಾಡಿದ್ದನು. ಅಂತರ್ಯುದ್ಧ ಇನ್ನೂ ನಡೆಯುತ್ತಿತ್ತು. ಒಂದು ಕಾಗದ ಮನುಷ್ಯರ ಬಿಡುಗಡೆಯನ್ನು ಕುರಿತದ್ದು, ಇನ್ನೊಂದು ಒಂದು ಆಟಿಕೆಯನ್ನು ಕುರಿತದ್ದು; ಎರಡಕ್ಕೂ ಸಂಬಂಧ ಕಲ್ಪಿಸುವುದು ಅತಿಯೆಂದು ಓದುಗರು ಭಾವಿಸಬಹುದು. ಆದರೆ ಮುಂದಿನ ನೂರು ವರ್ಷಗಳು ಆ ಸಂಬಂಧವನ್ನು ತಾವಾಗಿಯೇ ಕಲ್ಪಿಸಿದವು.

ಪೇಟೆಂಟ್ ಕೈಗೆ ಬಂದ ಮೇಲೆ ಬೇರೆಯವನಾಗಿದ್ದರೆ ಸ್ಕೇಟುಗಳನ್ನು ಮಾಡಿ ಮಾರುತ್ತಿದ್ದನು. ಪ್ಲಿಂಪ್ಟನ್ ಮಾರಲಿಲ್ಲ. ತನ್ನ ವ್ಯಾಪಾರದ ಕಟ್ಟಡದಲ್ಲಿಯೇ ನೆಲವೊಂದನ್ನು ಸಿದ್ಧಗೊಳಿಸಿ, ನ್ಯೂಯಾರ್ಕ್ ರೋಲರ್ ಸ್ಕೇಟಿಂಗ್ ಸಂಘವನ್ನು ಸ್ಥಾಪಿಸಿದನು. ಒಬ್ಬಂಟಿಯಾಗಿ ಸುತ್ತುವ ವಯಸ್ಕ ನಗೆಗೀಡಾಗುತ್ತಾನೆ. ಐವತ್ತು ಜನ ಕೂಡಿ ಸುತ್ತಿದರೆ ಅದೊಂದು ಸಮಾಜ. ಈ ರಹಸ್ಯ ಆತನಿಗೆ ತಿಳಿದಿತ್ತೆಂದು ನನಗೆ ತೋರುತ್ತದೆ. ೧೮೬೬ರಲ್ಲಿ ರೋಡ್ ಐಲೆಂಡ್ ಸಂಸ್ಥಾನದ ನ್ಯೂಪೋರ್ಟಿನಲ್ಲಿ, ಶ್ರೀಮಂತರು ಬೇಸಗೆಗೆ ಬರುವ ಆ ಕಡಲತೀರದ ಊರಿನಲ್ಲಿ, ಅಟ್ಲಾಂಟಿಕ್ ಹೌಸ್ ಎಂಬ ಹೋಟೆಲನ್ನು ಗುತ್ತಿಗೆಗೆ ಹಿಡಿದು ಅದರ ಭೋಜನಶಾಲೆಯನ್ನು ಸ್ಕೇಟಿಂಗ್ ನೆಲವಾಗಿ ಮಾರ್ಪಡಿಸಿದನು. ಯುದ್ಧಕಾಲದಲ್ಲಿ ನೌಕಾಪಡೆಯ ವಿದ್ಯಾಲಯವನ್ನು ಇರಿಸಿದ್ದ ಕಟ್ಟಡವದು. ತರುಣ ಸೈನಿಕರು ತರಬೇತಿ ಪಡೆದ ಛಾವಣಿಯ ಕೆಳಗೆ ಈಗ ಸ್ತ್ರೀಪುರುಷರು ಕೈ ಹಿಡಿದು ವೃತ್ತ ಬರೆಯತೊಡಗಿದರು.

ಆ ಕಾಲದ ಮರ್ಯಾದಸ್ಥ ಮನೆತನಗಳಲ್ಲಿ ಗಂಡುಹೆಣ್ಣುಗಳು ಕೂಡಿ ಆಡಬಹುದಾದ ಆಟಗಳು ಬಹಳವಿರಲಿಲ್ಲ. ಪ್ಲಿಂಪ್ಟನ್ ಅವರಿಗೆ ಬರಿಯ ಗಾಲಿಯನ್ನು ಕೊಡಲಿಲ್ಲ, ಶಿಕ್ಷಣವನ್ನೂ ಕೊಟ್ಟನು. ಕಲಿಯುವವರಿಗೆ ಪಾಠಗಳಿದ್ದವು, ಕಲಿತವರಿಗೆ ನೈಪುಣ್ಯದ ಪರೀಕ್ಷೆಗಳೂ ಪದಕಗಳೂ ಇದ್ದವು. ಒಂದೇ ನೆಲದ ಮೇಲೆ ನೂರಾರು ಮಂದಿ ಡಿಕ್ಕಿ ಹೊಡೆಯದೆ ಸುತ್ತಬೇಕಾದರೆ ಶಿಸ್ತು ಬೇಕು. ಬಿದ್ದವರನ್ನು ಎತ್ತುವ ಸೌಜನ್ಯ ಬೇಕು. ಹೊಸಬನಿಗೆ ದಾರಿ ಬಿಡುವ ತಾಳ್ಮೆ ಬೇಕು. ಇವೆಲ್ಲ ಕೂಡಿ ಗಾಲಿಯ ನೆಲಕ್ಕೆ ಒಂದು ಸಂಸ್ಕೃತಿ ಬಂದಿತು. ಬೀಳುವ ನಾಚಿಕೆ ಎಲ್ಲರಿಗೂ ಸಮಾನವಾಗಿದ್ದುದರಿಂದ ಅಲ್ಲಿ ಪರಿಚಯಗಳು ಬೇಗ ಬೆಳೆದಿರಬೇಕು.

ಆದರೆ ಬಾಗಿಲು ತೆರೆದ ಕೈಯೇ ಬೀಗದ ಕೈಯನ್ನೂ ಹಿಡಿದಿತ್ತು. ಪ್ಲಿಂಪ್ಟನ್ ತನ್ನ ಸ್ಕೇಟುಗಳನ್ನು ರಿಂಕ್ ನಡೆಸುವವರಿಗೆ ಬಾಡಿಗೆಗೆ ಮಾತ್ರ ಕೊಡುತ್ತಿದ್ದನು. ಗಾಲಿಗಳು ಆತನವು, ಕೊಡುವುದೂ ಬಿಡುವುದೂ ಆತನ ಇಚ್ಛೆ. ಸ್ಕೇಟಿಂಗ್ ಸುಶಿಕ್ಷಿತರ, ಸಭ್ಯರ ವಿನೋದವಾಗಿರಬೇಕೆಂಬುದು ಆತನ ಹಟ. ಇದರಲ್ಲಿ ಲಾಭದ ಲೆಕ್ಕವೂ ಇತ್ತು, ಆದರ್ಶವೂ ಇತ್ತು. ಎರಡನ್ನೂ ಬೇರ್ಪಡಿಸುವುದು ಕಷ್ಟ. ಅಂಕೆಯಿಲ್ಲದೆ ಹರಡಿದ್ದರೆ ಹೊಸ ಆಟ ಬೀದಿಯ ಅಪಹಾಸ್ಯಕ್ಕೆ ತುತ್ತಾಗಿ ಅಲ್ಪಕಾಲದಲ್ಲಿ ಸಾಯಬಹುದಿತ್ತು. ಆದರೆ ಸಭ್ಯರು ಯಾರು ಎಂಬುದನ್ನು ಬಾಗಿಲಲ್ಲಿ ನಿಂತವನು ತೀರ್ಮಾನಿಸುವ ಪದ್ಧತಿ ಒಮ್ಮೆ ಮೊದಲಾದರೆ ಅದು ಎಲ್ಲಿ ನಿಲ್ಲುತ್ತದೆಂದು ಹೇಳಬಲ್ಲವರಾರು?

ಇಂಗ್ಲೆಂಡಿನಲ್ಲಿ ೧೮೬೫ರ ಪೇಟೆಂಟಿನಿಂದ ಆರಂಭವಾದ ಆಟ ಎಪ್ಪತ್ತರ ದಶಕದ ನಡುವೆ ಹುಚ್ಚಾಗಿ ಹಬ್ಬಿತು. ರಿಂಕುಗಳು ಎದ್ದಲ್ಲೆಲ್ಲ ನಕಲಿ ಸ್ಕೇಟುಗಳೂ ಎದ್ದವು. ಪ್ಲಿಂಪ್ಟನ್ ಪಟ್ಟು ಬಿಡದೆ ನ್ಯಾಯಾಲಯಕ್ಕೆ ಹೋದನು. ೧೮೭೬ರಲ್ಲಿ ಮಾಲ್ಕಮ್‌ಸನ್ ಎಂಬವನ ಮೇಲಿನ ವ್ಯಾಜ್ಯ ನ್ಯಾಯಮೂರ್ತಿ ಸರ್ ಜಾರ್ಜ್ ಜೆಸೆಲನ ಮುಂದೆ ಬಂದಿತು. ಈ ರಚನೆಯ ವಿವರವಿದ್ದ ಅಮೆರಿಕದ ಪುಸ್ತಕವೊಂದು ಮೊದಲೇ ಲಂಡನ್ನಿನ ಪೇಟೆಂಟ್ ಕಚೇರಿಯ ಗ್ರಂಥಾಲಯಕ್ಕೆ ಬಂದಿತ್ತು, ಆದ್ದರಿಂದ ಅದು ಹೊಸದಲ್ಲ ಎಂಬುದು ಪ್ರತಿವಾದಿಯ ವಾದ. ಜನರ ಅರಿವಿಗೆ ಬಾರದೆ ಮೂಲೆಯಲ್ಲಿದ್ದ ಪುಸ್ತಕದಿಂದ ವಿಷಯ ಪ್ರಕಟವಾಯಿತೆನ್ನಲಾಗದೆಂದು ತೀರ್ಪಾಯಿತು, ಪ್ಲಿಂಪ್ಟನ್ ಗೆದ್ದನು. ಮರುವರ್ಷ ಸ್ಪಿಲ್ಲರ್ ಎಂಬವನ ಮೇಲಿನ ವ್ಯಾಜ್ಯವೂ ಬಂದಿತು. ಇವೆರಡೂ ಪೇಟೆಂಟ್ ನ್ಯಾಯಶಾಸ್ತ್ರದ ಚರಿತ್ರೆಯಲ್ಲಿ ಹೆಸರಾದ ಮೊಕದ್ದಮೆಗಳು.

ಕಾಲವನ್ನು ಮಾತ್ರ ಯಾವ ನ್ಯಾಯಾಲಯವೂ ತಡೆಯಲಾರದು. ಅಮೆರಿಕದ ಪೇಟೆಂಟಿಗೆ ಹದಿನೇಳು ವರ್ಷದ ಆಯುಸ್ಸು. ೧೮೮೦ಕ್ಕೆ ಅದು ತೀರಿತು. ಕಾರ್ಖಾನೆಗಳು ಅಗ್ಗದ ಸ್ಕೇಟುಗಳನ್ನು ರಾಶಿ ರಾಶಿಯಾಗಿ ಹೊರತಂದವು. ೧೮೮೪ರಲ್ಲಿ ಲೆವಂಟ್ ರಿಚರ್ಡ್‌ಸನ್ ಉಕ್ಕಿನ ಗುಂಡುಗಳ ಬೇರಿಂಗಿಗೆ ಪೇಟೆಂಟ್ ಪಡೆದ ಮೇಲೆ ಗಾಲಿ ಇನ್ನಷ್ಟು ಹಗುರವಾಗಿ ಉರುಳಿತು. ಸಿರಿವಂತರ ಭೋಜನಶಾಲೆಯಿಂದ ಆಟ ಸಣ್ಣ ಊರುಗಳಿಗೆ, ಕೂಲಿಕಾರರ ಕಾಲುಗಳಿಗೆ ಇಳಿಯಿತು. ಪ್ಲಿಂಪ್ಟನ್ ಇದನ್ನೆಲ್ಲ ಕಣ್ಣಾರೆ ಕಂಡು, ೧೯೧೧ರಲ್ಲಿ ತೀರಿಕೊಂಡನು.

ಇಲ್ಲಿಗೆ ಜೀವನಚರಿತ್ರೆ ಮುಗಿಯಿತು. ಆತನು ಕಟ್ಟಿದ ಸಮಾಜದ ಚರಿತ್ರೆ ಮುಗಿಯಲಿಲ್ಲ. ಗಾಲಿಗಳು ಎಲ್ಲರ ಕೈಗೆ ಸಿಕ್ಕರೂ ನೆಲ ಎಲ್ಲರಿಗೂ ಸಿಗಲಿಲ್ಲ. ಇಪ್ಪತ್ತನೆಯ ಶತಮಾನದ ಬಹುಭಾಗ ಅಮೆರಿಕದ ಎಷ್ಟೋ ರಿಂಕುಗಳು ಕಪ್ಪುವರ್ಣದವರನ್ನು ಒಳಗೆ ಬಿಡಲಿಲ್ಲ. ಬಿಟ್ಟರೂ ವಾರದಲ್ಲಿ ಒಂದು ರಾತ್ರಿ. ೧೯೪೬ರಲ್ಲಿ ಶಿಕಾಗೋ ನಗರದ ವೈಟ್ ಸಿಟಿ ರಿಂಕಿನ ಮುಂದೆ ಜನಾಂಗ ಸಮಾನತೆಯ ಕಾರ್ಯಕರ್ತರು ಧರಣಿ ಹೂಡಬೇಕಾಯಿತು. ೧೯೬೩ರಲ್ಲಿ, ಪ್ಲಿಂಪ್ಟನ್ನನ ಪೇಟೆಂಟಿಗೂ ಲಿಂಕನ್ನನ ಘೋಷಣೆಗೂ ಸರಿಯಾಗಿ ನೂರು ವರ್ಷ ತುಂಬಿದಾಗ, ಲೆಜರ್ ಸ್ಮಿತ್ ಎಂಬ ಕಪ್ಪುವರ್ಣದ ಸ್ಕೇಟರ್ ಎದೆಯ ಮೇಲೆ ಸ್ವಾತಂತ್ರ್ಯವೆಂಬ ಪಟ್ಟಿ ಧರಿಸಿ ಶಿಕಾಗೋದಿಂದ ವಾಷಿಂಗ್ಟನ್ನಿಗೆ ಗಾಲಿಗಳ ಮೇಲೆಯೇ ಹೊರಟನು. ಸುಮಾರು ೬೮೫ ಮೈಲಿಯನ್ನು ಹತ್ತು ದಿನಗಳಲ್ಲಿ ಕ್ರಮಿಸಿ, ಆಗಸ್ಟ್ ೨೮ರ ಮಹಾಮೆರವಣಿಗೆಯನ್ನು ಸೇರಿದನು.

ಬಾಗಿಲು ಮುಚ್ಚಿದ್ದವರಿಗಾಗಿ ಬಿಟ್ಟುಕೊಟ್ಟ ಆ ಒಂದೊಂದು ರಾತ್ರಿಯಿಂದಲೇ ಇಂದು ಅಮೆರಿಕದಲ್ಲಿ ವಯಸ್ಕರ ರಾತ್ರಿ ಎಂದು ಕರೆಯುವ ಕೂಟಗಳು ಬೆಳೆದಿವೆ. ಮಕ್ಕಳು ಮನೆಗೆ ಹೋದ ಮೇಲೆ, ದಿನದ ದುಡಿಮೆ ಮುಗಿಸಿದ ಸ್ತ್ರೀಪುರುಷರು ಸ್ಕೇಟು ಕಟ್ಟಿಕೊಳ್ಳುತ್ತಾರೆ. ನಮ್ಮ ಸಂಗೀತದ ಬಾನಿಗಳಂತೆ ಅಲ್ಲಿ ಊರಿಗೊಂದು ಶೈಲಿ. ಶಿಕಾಗೋದವರು ಜೇಮ್ಸ್ ಬ್ರೌನನ ಹಾಡುಗಳಿಗೆ ಹೆಜ್ಜೆ ಹಾಕುವ ಬಗೆಗೆ ಅವನ ಹೆಸರೇ ನಿಂತಿದೆ. ೨೦೧೮ರಲ್ಲಿ ಬಂದ ಯುನೈಟೆಡ್ ಸ್ಕೇಟ್ಸ್ ಎಂಬ ಸಾಕ್ಷ್ಯಚಿತ್ರ ಈ ಸಮಾಜವನ್ನೂ, ಒಂದೊಂದಾಗಿ ಮುಚ್ಚುತ್ತಿದ್ದ ರಿಂಕುಗಳಿಂದ ಅದಕ್ಕೊದಗಿದ ಆಪತ್ತನ್ನೂ ತೋರಿಸಿತು. ಚಿಕ್ಕ ಗಾಲಿಗಳನ್ನು ನಿಷೇಧಿಸುವ ನಿಯಮದ ನೆಪದಲ್ಲಿ ಕಪ್ಪುವರ್ಣದವರನ್ನು ದೂರವಿಡುವ ಪದ್ಧತಿ ನಮ್ಮ ಕಾಲದವರೆಗೂ ಬದುಕಿದ್ದುದನ್ನು ಅದರಲ್ಲಿ ಕಾಣಬಹುದು. ಗಾಲಿಯ ಮೇಲೆ ಹಕ್ಕು ಸ್ಥಾಪಿಸಿ ನೆಲವನ್ನು ಕಾಯುವ ಹಳೆಯ ಉಪಾಯ ಮತ್ತೊಂದು ರೂಪದಲ್ಲಿ ಉಳಿದಿತ್ತು.

ಹಾಗೆಂದು ಪ್ಲಿಂಪ್ಟನ್ನನ ಮೇಲೆ ಈ ಎಲ್ಲ ಹೊರೆಯನ್ನು ಹೇರುವುದು ನ್ಯಾಯವಲ್ಲ. ಆತ ತನ್ನ ಕಾಲದ, ತನ್ನ ವರ್ಗದ ಮನುಷ್ಯ. ವಯಸ್ಸಾದ ದೇಹಕ್ಕೂ ಆಟ ಬೇಕು, ಆ ಆಟಕ್ಕೆ ಸಂಗಡಿಗರು ಬೇಕು, ಸಂಗಕ್ಕೆ ಒಂದು ನೆಲವೂ ನಿಯಮವೂ ಬೇಕು ಎಂದು ಆತ ಕಂಡುಕೊಂಡನು. ಆ ಕಾಣ್ಕೆಗೆ ನಾವು ಋಣಿಗಳು. ಆ ನೆಲದಲ್ಲಿ ಯಾರಿಗೆ ಎಡೆ ಎಂಬ ಪ್ರಶ್ನೆಯನ್ನು ಆತ ಅರ್ಧಕ್ಕೇ ಬಿಟ್ಟನು. ಅದನ್ನು ಪೂರ್ತಿ ಮಾಡಿದವರು ಆತನ ಅತಿಥಿಗಳ ಪಟ್ಟಿಯಲ್ಲಿ ಇಲ್ಲದವರು. ಆತನ ನ್ಯೂಯಾರ್ಕಿನಲ್ಲಿಯೇ, ಸೆಂಟ್ರಲ್ ಪಾರ್ಕಿನ ಬಯಲಿನಲ್ಲಿ, ೧೯೯೫ರಲ್ಲಿ ಸ್ಥಾಪನೆಯಾದ ನರ್ತಕ ಸ್ಕೇಟರುಗಳ ಸಂಘವೊಂದು ವೃತ್ತಾಕಾರದ ಕೂಟಗಳನ್ನು ನಡೆಸುತ್ತ ಬಂದಿದೆ. ಅಲ್ಲಿ ಬಾಗಿಲಿಲ್ಲ, ಸಂಗೀತ ಕೇಳಿ ಬಂದ ಯಾರಾದರೂ ವೃತ್ತವನ್ನು ಸೇರಬಹುದು. ನರೆತ ತಲೆಗಳು ಎಳೆಯ ತಲೆಗಳ ಪಕ್ಕದಲ್ಲಿ ಓಲುತ್ತವೆ. ಅವರ ಪಾದದ ಕೆಳಗೆ ಅಚ್ಚುಗಳು ಪ್ಲಿಂಪ್ಟನ್ ತೋರಿಸಿಕೊಟ್ಟ ಓರೆಯಲ್ಲಿಯೇ ತಿರುಗುತ್ತವೆ.